ಕುದುರೆ ತೊಟ್ಟಿಯ ದೀಕ್ಷಾಸ್ನಾನ

ಜೈಲಿನ ಅಂಗಡಿಯಲ್ಲಿ ನೂಡಲ್ಸ್ ಪೊಟ್ಟಣಕ್ಕೆ ಅರ್ಧ ಡಾಲರ್. ಅಂಗೈಯಗಲದ ಪ್ಲಾಸ್ಟಿಕ್ ಫ್ಯಾನಿಗೆ ಇಪ್ಪತ್ತಮೂರು. ಎದೆ ನೋವೆಂದು ಡಾಕ್ಟರನ್ನು ಕಾಣಬೇಕಾದರೆ ಹದಿಮೂರೂವರೆ. ಮನೆಯವರು ಕಳಿಸಿದ ಹಣದಲ್ಲಿ ಅದು ಕೇಳದೆಯೇ ಕಡಿತವಾಗುತ್ತದೆ. ದಿನವಿಡೀ ಹೊಲದಲ್ಲಿ ಗುದ್ದಲಿ ಹಿಡಿದವನಿಗೆ ಕೂಲಿ ಸೊನ್ನೆ. ತಂಪು ಗಾಳಿಗೆ ಮಾತ್ರ ಯಾರೂ ಬೆಲೆ ಬರೆದಿರಲಿಲ್ಲ. ಪೂರ್ವ ಟೆಕ್ಸಸ್ಸಿನ ಕಾಲ್ವರ್ಟ್ ಕ್ರೀಕ್ ಜೈಲಿನಲ್ಲಿ ತಂಪು ಗಾಳಿ ಇದ್ದದ್ದು ಮೂರೇ ಕಡೆ: ವಾರ್ಡನ್ನರ ಕೋಣೆಯಲ್ಲಿ, ಮಾತ್ರೆ ಕೊಡುವ ಕೋಣೆಯಲ್ಲಿ, ಮತ್ತು ದೇವರ ವಾರ್ಡಿನಲ್ಲಿ. ಮೊದಲ ಎರಡು ಕಡೆ ಕೈದಿಗಳನ್ನು ಮಲಗಲು ಬಿಡುವುದಿಲ್ಲ. ಆದ್ದರಿಂದ ಎಲ್ಜಿನ್ ಪ್ರೂಯಿಟ್ ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಯೇಸುವಿನ ಕಡೆಗೆ ತಿರುಗಿದ.

ಅವನದು ದುರ್ಬಲ ಹೃದಯ. ದಿನಕ್ಕೆ ನಾಲ್ಕು ಮಾತ್ರೆ. ಈ ಮಾತ್ರೆ ತಿನ್ನುವವರಿಗೆ ಬೆವರು ಸರಿಯಾಗಿ ಬರುವುದಿಲ್ಲ, ಸೆಕೆ ಒಳಗೇ ಕೂತು ಬೇಯಿಸುತ್ತದೆ ಎಂದು ನರ್ಸಮ್ಮ ಹೇಳಿದ್ದಳು. ಹಿಂದಿನ ಬೇಸಿಗೆ ಸಿ ಬ್ಲಾಕಿನಲ್ಲಿ ತಗಡಿನ ಮಾಡಿನ ಕೆಳಗೆ ಮಲಗಿದ್ದವರಲ್ಲಿ ಮೂವರನ್ನು ಹೊತ್ತು ಹೊರಗೆ ಹಾಕಿದರು. ಮೂವರೂ ಅದೇ ಮಾತ್ರೆಯ ಸಾಲಿನಲ್ಲಿ ಅವನ ಹಿಂದೆ ಮುಂದೆ ನಿಲ್ಲುತ್ತಿದ್ದವರು. ಹೆಂಡದಂಗಡಿ ದರೋಡೆಯಲ್ಲಿ ಒಬ್ಬನ ಪ್ರಾಣ ತೆಗೆದು ಒಳಬಂದ ಎಲ್ಜಿನ್ ಇಪ್ಪತ್ತಾರು ವರ್ಷ ಕಳೆದಿದ್ದ. ಬಿಡುಗಡೆಯ ಆಸೆಯನ್ನು ಎಂದೋ ಬಿಟ್ಟಿದ್ದ. ಉಳಿದಿದ್ದ ಆಸೆ ಒಂದೇ: ಬೇಸಿಗೆಯಲ್ಲಿ ಬೆಂದು ಸಾಯಬಾರದು.

ದೇವರ ವಾರ್ಡು ನಡೆಸುತ್ತಿದ್ದವರು ಪಾಸ್ಟರ್ ಹಾಲ್ಕಮ್. ಬಾವಿ ಕೊರೆಯುವ ವ್ಯವಹಾರ ಮಾರಿ, ಆ ಹಣದಲ್ಲಿ ವಾರ್ಡಿಗೆ ತಂಪುಯಂತ್ರ ಹಾಕಿಸಿದ ಮನುಷ್ಯ. ಸರ್ಕಾರ ಕಟ್ಟಡ ಕೊಟ್ಟಿತು, ಉಳಿದದ್ದನ್ನು ಅವರ ಚರ್ಚಿನ ಸಭೆ ನೋಡಿಕೊಂಡಿತು. ಅವರನ್ನು ಕೆಟ್ಟವರೆಂದು ಹೇಳುವ ನಾಲಿಗೆ ಆ ಜೈಲಿನಲ್ಲಿ ಇರಲಿಲ್ಲ. ಕೈದಿಯ ಹೆಗಲ ಮೇಲೆ ಕೈಯಿಡುತ್ತಿದ್ದರು, ಹೆಸರು ಹಿಡಿದು ಕರೆಯುತ್ತಿದ್ದರು. ವಾರ್ಡೂ ಒಳ್ಳೆಯದೇ. ಚೂರಿಯಿಲ್ಲ, ಬಡಿದಾಟವಿಲ್ಲ. ಹತ್ತಾರು ವರ್ಷ ಅರೆಗಣ್ಣಲ್ಲಿ ಮಲಗಿದ್ದ ಗಂಡಸರು ಅಲ್ಲಿ ಗೊರಕೆ ಹೊಡೆಯುವುದನ್ನು ಕಲಿತರು. ಭಾನುವಾರ ಸಭೆಯ ಹಿರಿಯಾಕೆ ಮಿಸ್ ವರ್ನೆಲ್ ಪೀಚ್ ಹಣ್ಣಿನ ಸಿಹಿ ಮಾಡಿ ದೊಡ್ಡ ತಟ್ಟೆಗಳಲ್ಲಿ ತರುತ್ತಿದ್ದಳು. ಸೇರಲು ಸಹಿ ಹಾಕುವ ಕಾಗದದಲ್ಲಿ ಯಾವ ಧರ್ಮದವರಿಗೂ ಸ್ವಾಗತವೆಂದು ಬರೆದಿತ್ತು.

ನಲವತ್ತೆಂಟು ಹಾಸಿಗೆ, ಇಪ್ಪತ್ತನಾಲ್ಕು ಜೋಡಿ. ಒಬ್ಬೊಬ್ಬನಿಗೂ ಒಬ್ಬ ಸಹೋದರ. ಒಬ್ಬನ ನಡತೆಗೆ ಇನ್ನೊಬ್ಬ ಹೊಣೆ. ಪ್ರತಿ ಗುರುವಾರ ತನ್ನ ಸಹೋದರ ಆ ವಾರ ಎಲ್ಲಿ ಎಡವಿದನೆಂದು ಒಂದು ಹಾಳೆಯಲ್ಲಿ ಬರೆದು ಪಾಸ್ಟರಿಗೆ ಕೊಡಬೇಕು. ಒಬ್ಬ ಕೆಟ್ಟರೆ ಇಬ್ಬರೂ ವಾರ್ಡು ಬಿಡಬೇಕು. ತಪ್ಪನ್ನು ಬೇರೆಯವರು ಕಾಣುವ ಮೊದಲೇ ಹಾಳೆಯಲ್ಲಿ ಬರೆದವನು ಮಾತ್ರ ಉಳಿದುಕೊಳ್ಳುತ್ತಾನೆ.

ಎಲ್ಜಿನ್‌ಗೆ ಸಿಕ್ಕ ಸಹೋದರ ಆಲ್ಸೀಡ್ ಬ್ರೂಸಾರ್. ಅರವತ್ತಮೂರರ ಮುದುಕ, ಪೋರ್ಟ್ ಆರ್ಥರ್ ಕಡೆಯ ಸೀಗಡಿ ದೋಣಿಯವನು. ದೋಣಿಯ ಪಾಲಿನ ಜಗಳದಲ್ಲಿ ಭಾವಮೈದುನನಿಗೆ ಇರಿದು ಮೂವತ್ತು ವರ್ಷ ಮುಗಿಸಿದ್ದ. ಅವನದೂ ಎದೆಯ ಕಾಯಿಲೆ, ಅವೇ ನಾಲ್ಕು ಮಾತ್ರೆ. ಇಬ್ಬರೂ ಬೇಗ ಒಂದಾದರು. ಗುರುವಾರ ಬಂತೆಂದರೆ ಎದುರುಬದುರು ಕೂತು, ಮದುವೆ ಊಟದ ಪಟ್ಟಿ ಮಾಡುವವರಂತೆ ಪಾಪಗಳ ಪಟ್ಟಿ ಮಾಡುತ್ತಿದ್ದರು.

"ಈ ವಾರ ನಿಂಗೇನು ಬರೀಲಪ್ಪ?" ಎಂದು ಎಲ್ಜಿನ್ ಕೇಳುತ್ತಿದ್ದ.

"ಹೊಟ್ಟೆಬಾಕತನ ಹಾಕು. ಸೋಮಾರಿತನ ಹೋದ ವಾರ ಆಯ್ತಲ್ಲ."

"ಇಲ್ಲಿ ಹಾಕೋ ಊಟ ತಿಂದು ಹೊಟ್ಟೆಬಾಕ ಆದೆ ಅಂದ್ರೆ ಪಾಸ್ಟರ್ ನಂಬ್ತಾರಾ?"

"ಮಿಸ್ ವರ್ನೆಲ್ ತಂದಿದ್ದನ್ನ ಮೂರು ಸಲ ಹಾಕಿಸ್ಕೊಂಡೆ ಅಂತ ಬರಿ. ಪಾಪಾನೂ ಆಯ್ತು, ಆಯಮ್ಮನ್ನ ಹೊಗಳಿದಂಗೂ ಆಯ್ತು."

ಹೀಗೆ ಚಳಿಗಾಲ ಕಳೆಯಿತು. ಏಪ್ರಿಲ್ ಕೊನೆಯಲ್ಲಿ ಪಾಸ್ಟರ್ ವಾರ್ಡಿನ ನಡುವೆ ನಿಂತು ಹೇಳಿದರು: ಮೇ ತಿಂಗಳ ಕೊನೆಯ ಭಾನುವಾರ ಎಲ್ಲರಿಗೂ ದೀಕ್ಷಾಸ್ನಾನ. ಅಂಗಳದಲ್ಲಿ ಕುದುರೆಗಳಿಗೆ ನೀರಿಡುವ ತಗಡಿನ ತೊಟ್ಟಿ ಇಟ್ಟಾಗಿತ್ತು. ತಲೆ ಪೂರ್ತಿ ಮುಳುಗಬೇಕು. ಶಿಶುವಾಗಿದ್ದಾಗ ಹಣೆಗೆ ನೀರು ಚಿಮುಕಿಸಿಕೊಂಡದ್ದು ಲೆಕ್ಕಕ್ಕಿಲ್ಲ. ಮುಳುಗಲೊಲ್ಲದವನು ಹಾಸಿಗೆ ಬಿಟ್ಟುಕೊಡಬೇಕು, ಹೊರಗೆ ಇನ್ನೂರು ಮಂದಿ ಕಾದಿದ್ದಾರೆ.

ಎಲ್ಜಿನ್‌ಗೆ ಇದು ತಮಾಷೆಯ ವಿಷಯ. ಮೇ ತಿಂಗಳ ಬಿಸಿಲಲ್ಲಿ ತಣ್ಣೀರಿನ ಸ್ನಾನ, ಅದೂ ಪುಕ್ಕಟೆ. ಆಲ್ಸೀಡ್ ಮಾತ್ರ ಹಾಸಿಗೆಯ ಅಂಚಿನಲ್ಲಿ ಕೂತವನು ಏಳಲಿಲ್ಲ. ಅವನು ಹುಟ್ಟು ಕ್ಯಾಥೊಲಿಕ್. ಮೂರು ವಾರದ ಕೂಸಾಗಿದ್ದಾಗ ಚಂಡಮಾರುತ ಬರುವ ಹಿಂದಿನ ದಿನ, ಊರೆಲ್ಲ ಗಂಟುಮೂಟೆ ಕಟ್ಟುತ್ತಿದ್ದರೆ ಅವನ ತಾಯಿ ಅವನನ್ನೆತ್ತಿಕೊಂಡು ಚರ್ಚಿಗೆ ಓಡಿ, ಹೊರಡುತ್ತಿದ್ದ ಪಾದ್ರಿಯನ್ನು ತಡೆದು ದೀಕ್ಷಾಸ್ನಾನ ಮಾಡಿಸಿದ್ದಳಂತೆ. ಕ್ಯಾಥೊಲಿಕರ ಲೆಕ್ಕದಲ್ಲಿ ಅದು ಬದುಕಿಗೆ ಒಂದೇ ಸಲ.

"ಮೂರು ಸೆಕೆಂಡು ಮಾರಾಯ," ಎಂದ ಎಲ್ಜಿನ್. "ಸೀಗಡಿ ಹಿಡಿಯೋನು ನೀನು, ನೀರಿಗೆ ಹೆದರ್ತೀಯಾ?"

"ನೀರಿಗಲ್ಲ. ನಂಗಾಗಲೇ ಆಗಿದೆ."

"ಆಮೇಲೆ ಭಾವಮೈದುನನ ಹೊಟ್ಟೆಗೆ ಚೂರಿ ಹಾಕಿದ್ದೀಯ. ಇನ್ನೊಂದ್ಸಲ ತೊಳ್ಕೊಂಡ್ರೆ ಸವೆದು ಹೋಗ್ತೀಯಾ?"

ಆಲ್ಸೀಡ್ ನಕ್ಕ, ಆಮೇಲೆ ನಗು ನಿಲ್ಲಿಸಿದ. "ನಾನು ಕೆಡಿಸ್ದೆ ಇಟ್ಕೊಂಡಿರೋದು ಅದೊಂದೇ ಕಣೋ. ಈಗ ಮುಳುಗಿದ್ರೆ, ನಮ್ಮಮ್ಮ ಮಾಡಿಸಿದ್ದು ಸುಳ್ಳು ಅಂತ ನಾನೇ ಹೇಳ್ದಂಗೆ."

ಎಲ್ಜಿನ್ ಎರಡು ವಾರ ಬಿಡದೆ ಬೆನ್ನು ಹತ್ತಿದ. ಬಾಯಿ ಮುಚ್ಚಿಕೊಂಡು ಮುಳುಗು, ಮನಸ್ಸಿನಲ್ಲಿ ಬೇಡವೆನ್ನು, ದೇವರಿಗೆ ತಿಳಿಯುತ್ತದೆ ಎಂದ. ಸಿ ಬ್ಲಾಕಿನ ತಗಡು ಮಾಡನ್ನು ನೆನಪಿಸಿದ. ಸತ್ತ ಮೂವರ ಹೆಸರು ಹೇಳಿದ. ಆಲ್ಸೀಡ್ ಎಲ್ಲ ಕೇಳಿ ತಲೆಯಾಡಿಸುತ್ತಿದ್ದ. ಮಾರನೆಯ ದಿನ ಮತ್ತೆ ಅದೇ ಹಟದಲ್ಲಿರುತ್ತಿದ್ದ. ಹಾಗೆಂದು ಪಾಸ್ಟರಿಗೆ ಹೇಳಿಬಿಡಲೂ ಅವನು ಸಿದ್ಧನಿರಲಿಲ್ಲ. ಕೊನೆಯ ದಿನದವರೆಗೆ ಸುಮ್ಮನಿದ್ದು ಆಮೇಲೆ ನೋಡೋಣವೆನ್ನುತ್ತಿದ್ದ. ಕೊನೆಯ ದಿನದವರೆಗೆ ಕಾದರೆ ಇಬ್ಬರೂ ಹೊರಗೆ ಎಂಬುದು ಎಲ್ಜಿನ್‌ಗೆ ಗೊತ್ತಿತ್ತು.

ಒಂದು ಸಂಜೆ ಜೋಡಿಗಳು ಕೈಹಿಡಿದು ಪ್ರಾರ್ಥಿಸುವ ಹೊತ್ತಿನಲ್ಲಿ ಆಲ್ಸೀಡ್ ಬಗ್ಗಿ, ಇನ್ನೊಂದು ಮಾತಿದೆ ಎಂದ. ದಿಂಬಿನೊಳಗಿಂದ ಒಂದು ಸರ ತೆಗೆದು ತೋರಿಸಿದ. ಬ್ರೆಡ್ಡಿನ ತಿರುಳನ್ನು ನಾದಿ ಒಣಗಿಸಿದ ಮಣಿಗಳು, ಕಾಫಿಪುಡಿಯಲ್ಲಿ ಕಂದು ಮಾಡಿದವು. ಪಾಸ್ಟರರ ಪ್ರಾರ್ಥನೆಗಳ ಹೊತ್ತಿನಲ್ಲಿ ತಾನು ಒಳಗೊಳಗೇ, ಅವರ ಸಭೆ ಒಪ್ಪದ ಮಾತೆ ಮರಿಯಳ ಜಪಸರ ಹೇಳಿಕೊಳ್ಳುತ್ತೇನೆ, ಸೇರಿದ ದಿನದಿಂದಲೂ ಹೀಗೆಯೇ ಎಂದ.

"ಯಾಕಪ್ಪ ನಂಗಿದನ್ನ ಹೇಳ್ತೀಯ?" ಎಂದ ಎಲ್ಜಿನ್.

"ನಮ್ಮ ಪಾದ್ರಿ ಇಲ್ಲಿಗೆ ಮೂರು ತಿಂಗಳಿಗೊಂದ್ಸಲ ಬರ್ತಾರೆ. ಯಾರಿಗಾದ್ರೂ ಹೇಳ್ಬೇಕಲ್ಲ. ಕೈ ಹಿಡ್ಕೊಂಡು ಹೇಳಿದ್ದು ಪಾಪನಿವೇದನೆ ತಾನೆ. ಕಿವಿಗೆ ಬಿದ್ದದ್ದು ಕಿವೀಲೇ ಇರುತ್ತೆ."

ಕ್ಯಾಥೊಲಿಕರ ಕಡೆ ಅದು ಹಾಗೆಯೇ. ಪಾದ್ರಿಯ ಕಿವಿಗೆ ಹಾಕಿದ ಪಾಪವನ್ನು ನೇಣು ಹಾಕುತ್ತೇನೆಂದರೂ ಪಾದ್ರಿ ಹೊರಗೆ ಬಿಡುವುದಿಲ್ಲ. ಈ ವಾರ್ಡಿನಲ್ಲಿ ಕೈಹಿಡಿದು ಹೇಳಿದ್ದು ಗುರುವಾರದ ಹಾಳೆಗೆ ಹೋಗುತ್ತದೆ. ಎಂಟು ತಿಂಗಳು ಹಾಳೆ ಬರೆದರೂ ಆಲ್ಸೀಡ್‌ಗೆ ಇದು ಹೊಳೆಯಲಿಲ್ಲ. ಎಲ್ಜಿನ್ ಹೂಂ ಎಂದ. ಬಿಡಿಸಿ ಹೇಳಲಿಲ್ಲ.

ಆ ಗುರುವಾರ ಆಲ್ಸೀಡ್ ಎಂದಿನಂತೆ, ನನ್ನ ಸಹೋದರ ಟಿ.ವಿ. ನೋಡುವಾಗ ಕೋಪಿಸಿಕೊಂಡನೆಂದು ಬರೆದ. ಎಲ್ಜಿನ್ ಹಾಳೆಯ ಎರಡೂ ಬದಿ ತುಂಬಿಸಿದ. ಅವನು ಅಲ್ಲಿ ಬರೆದ ಹಾಳೆಗಳಲ್ಲಿ ನಿಜವಾದದ್ದು ಅದೊಂದೇ.

ಪಾಸ್ಟರ್ ಓದಿ ಅವನನ್ನು ತಬ್ಬಿಕೊಂಡರು. ಇಷ್ಟು ದಿನ ಬಂದ ಹಾಳೆಗಳೆಲ್ಲ ಸಿಹಿತಿಂಡಿಯ ಲೆಕ್ಕ, ಬರೆದವನಿಗೆ ನೋವು ಕೊಟ್ಟ ಹಾಳೆ ಇದೊಂದೇ ಎಂದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ. ಆಲ್ಸೀಡ್‌ನನ್ನು ಕರೆಸಿ, ಎಲ್ಜಿನ್‌ನನ್ನೂ ಕೂರಿಸಿಕೊಂಡು, ಊಟದ ಹೊತ್ತು ಮೀರಿದರೂ ಮುಳುಗೆಂದು ಬೇಡಿಕೊಂಡರು. ನೆಲಕ್ಕೆ ಮೊಣಕಾಲೂರಿದರು. ಆಲ್ಸೀಡ್ ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ. ಯಾವ ಧರ್ಮದವರಿಗೂ ಸ್ವಾಗತವೆಂದು ಕಾಗದದಲ್ಲಿ ಬರೆದಿದೆಯಲ್ಲ ಪಾಸ್ಟರ್ ಎಂದು ಮೆಲ್ಲಗೆ ಕೇಳಿದ.

"ಬರೋಕೆ ಸ್ವಾಗತ, ಮಗನೆ," ಎಂದರು ಪಾಸ್ಟರ್. ಅವರಿಗಿಂತ ಆಲ್ಸೀಡ್ ಒಂಬತ್ತು ವರ್ಷ ದೊಡ್ಡವನು. "ಬದಲಾಗದೆ ಉಳಿಯೋಕೆ ಅಂತ ಎಲ್ಲೂ ಬರೆದಿಲ್ಲ."

ಆದರೂ ಅವನನ್ನು ಹೊರಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಬೈಬಲ್ಲಿನ ಮೇಲೆ ಕೈಯಿಟ್ಟು, ಎಲ್ಜಿನ್ ಕಡೆ ತಿರುಗಿದರು. ಒಂದು ದಾರಿಯಿದೆ. ಸಹೋದರನಾಗಿ ನೀನು ಇವನ ಹೊಣೆ ಹೊತ್ತರೆ ಕ್ರಿಸ್ಮಸ್‌ವರೆಗೆ ಇಟ್ಟುಕೊಳ್ಳುತ್ತೇನೆ. ಅಷ್ಟರಲ್ಲಿ ಇವನ ಮನಸ್ಸು ತಿರುಗದಿದ್ದರೆ ಇಬ್ಬರೂ ಹೊರಡಬೇಕು. ಹೊರುತ್ತೇನೆ ಅಂತೀಯಾ?

ಎಲ್ಜಿನ್ ಮನಸ್ಸಿನಲ್ಲೇ ತಿಂಗಳು ಎಣಿಸಿದ. ಕ್ರಿಸ್ಮಸ್ ಎಂದರೆ ಜೂನ್, ಜುಲೈ, ಆಗಸ್ಟ್ ಮೂರೂ ದಾಟಿದ ಮೇಲೆ. ಹೂಂ ಎಂದರೆ ಈ ಬೇಸಿಗೆಯಲ್ಲಿ ಇಬ್ಬರೂ ಉಳಿಯುತ್ತಾರೆ. ಈ ಮುದುಕ ಕ್ರಿಸ್ಮಸ್ಸಿಗೂ ಮುಳುಗುವವನಲ್ಲ. ಆಗ ಮುಂದಿನ ಬೇಸಿಗೆ ಇಬ್ಬರೂ ತಗಡಿನ ಕೆಳಗೆ. ಊಹೂಂ ಎಂದರೆ ತನಗೆ ಈ ಬೇಸಿಗೆಯೂ ಉಂಟು, ಮುಂದಿನದೂ ಉಂಟು.

"ನನ್ನ ನಂಬಿಕೆ ಇನ್ನೂ ಎಳೇದು ಪಾಸ್ಟರ್," ಎಂದ. "ಇನ್ನೊಬ್ಬರ ಭಾರ ಹೊರೋವಷ್ಟು ಗಟ್ಟಿಯಾಗಿಲ್ಲ."

ಪಾಸ್ಟರ್ ಅದನ್ನು ವಿನಯವೆಂದು ತಿಳಿದು ತಲೆದೂಗಿದರು.

ಸಿ ಬ್ಲಾಕಿಗೆ ಹೊರಟ ಆಲ್ಸೀಡ್ ಬಟ್ಟೆ ಮಡಚಿ ಚೀಲಕ್ಕೆ ಹಾಕುವಾಗ ಕಾವಲಿನವನು ಬಾಗಿಲಲ್ಲಿ ನಿಂತಿದ್ದ. ಅವಸರ ಮಾಡು ಎಂದ. ಆಯ್ತು ಬಾಸ್ ಎಂದ ಆಲ್ಸೀಡ್. ಅವನು ಬಯ್ಯಲಿ ಎಂದು ಎಲ್ಜಿನ್ ಕಾದ. ಬಯ್ದಿದ್ದರೆ ತಾನೂ ಎರಡು ಮಾತು ಆಡಬಹುದಿತ್ತು.

"ನೀನು ಬರೆದಿದ್ದು ನಿಜಾನೇ," ಎಂದ ಆಲ್ಸೀಡ್. "ಅದಕ್ಕೆ ನಂಗೆ ಬೇಜಾರಿಲ್ಲ. ನಿನ್ನ ಎದೇನೂ ನನ್ನ ಥರದ್ದೇ, ನಂಗೊತ್ತು. ಆದ್ರೆ ಕ್ರಿಸ್ಮಸ್ ತನಕ ಅಂದ್ರಲ್ಲ ಎಲ್ಜಿನ್. ಬರೀ ಏಳು ತಿಂಗಳು. ಅಷ್ಟರಲ್ಲಿ ನಾನು ಹೆಂಗಿದ್ರೂ ಸತ್ತುಹೋಗ್ತಿದ್ದೆನೋ ಏನೋ, ತಂಪಲ್ಲಿ."



ಮೇ ಕೊನೆಯ ಭಾನುವಾರ ನಲವತ್ತೇಳು ಮಂದಿ ಬಿಳಿ ಅಂಗಿ ತೊಟ್ಟು ಅಂಗಳದಲ್ಲಿ ಸಾಲಾಗಿ ನಿಂತರು. ಮಿಸ್ ವರ್ನೆಲ್ ಹಾಡು ಹಿಡಿದಳು. ಎಲ್ಜಿನ್ ತೊಟ್ಟಿಯೊಳಗೆ ಕೂತ. ಪಾಸ್ಟರ್ ಅವನ ಮೂಗು ಹಿಡಿದು ಹಿಂದಕ್ಕೆ ಮಲಗಿಸಿದರು. ನೀರು ಬಹಳ ತಣ್ಣಗಿತ್ತು. ಮನಸ್ಸಿನೊಳಗೆ ಏನಾದರೂ ಕಚ್ಚೀತು, ಆಲ್ಸೀಡ್‌ನ ಮುಖ ಕಂಡೀತು ಎಂದು ಅವನು ಹೆದರಿದ್ದ. ಏನೂ ಆಗಲಿಲ್ಲ. ಹಿತವಾಗಿತ್ತು. ಎದ್ದು ಮುಖ ಒರೆಸಿಕೊಂಡಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಅವನೂ ನಕ್ಕ.

ಜೂನ್ ತಿಂಗಳಿಡೀ ಮಾತ್ರೆಯ ಸಾಲಿನಲ್ಲಿ ಇಬ್ಬರೂ ಎದುರಾಗುತ್ತಿದ್ದರು. ಸಿ ಬ್ಲಾಕಿನವರ ಅಂಗಿ ಬೆಳಗ್ಗೆ ಎಂಟಕ್ಕೇ ಬೆನ್ನಿಗೆ ಅಂಟಿರುತ್ತಿತ್ತು. ಆಲ್ಸೀಡ್ ಕೈಯೆತ್ತಿ ಮಾತಾಡಿಸುತ್ತಿದ್ದ, ಎಲ್ಜಿನ್ ತಲೆಯಾಡಿಸುತ್ತಿದ್ದ. ಜುಲೈ ಮೊದಲ ವಾರ ಆಲ್ಸೀಡ್‌ನ ಕಾಲು ಊದಿತ್ತು. ಡಾಕ್ಟರಿಗೆ ತೋರಿಸಿದೆಯಾ ಎಂದು ಎಲ್ಜಿನ್ ಕೇಳಿದ. ಹದಿಮೂರೂವರೆ ಯಾರು ಕೊಡುತ್ತಾರೆ ಎಂದು ಆಲ್ಸೀಡ್ ನಕ್ಕ. ಎಲ್ಜಿನ್‌ನ ತಂಗಿ ಕಳಿಸಿದ್ದ ನಲವತ್ತು ಡಾಲರ್ ಅವನ ಹೆಸರಿನಲ್ಲಿತ್ತು. ಅದನ್ನು ಅವನು ಹೇಳಲಿಲ್ಲ. ಇನ್ನೊಬ್ಬ ಕೈದಿಗೆ ಹಣ ಕೊಡುವುದು ಹೇಗೂ ನಿಯಮಕ್ಕೆ ವಿರುದ್ಧ ಎಂದುಕೊಂಡ.

ಜುಲೈ ಹತ್ತೊಂಬತ್ತರ ಮಧ್ಯಾಹ್ನ ಆಲ್ಸೀಡ್ ತನ್ನ ಹಾಸಿಗೆಯ ಪಕ್ಕ ನೆಲದ ಮೇಲೆ, ಸಿಮೆಂಟು ತಂಪಾಗಿರುತ್ತದೆಂದು ಮಲಗಿದವನು ಏಳಲಿಲ್ಲ. ಸತ್ತು ಗಂಟೆ ಕಳೆದ ಮೇಲೂ ಮೈ ನೂರ ಎಂಟು ಡಿಗ್ರಿ ಸುಡುತ್ತಿತ್ತೆಂದು ನರ್ಸಮ್ಮ ಮಾರನೆಯ ದಿನ ಸಾಲಿನಲ್ಲಿದ್ದವರಿಗೆಲ್ಲ ಹೇಳಿದಳು. ಜೈಲಿನ ಕಾಗದದಲ್ಲಿ ಹೃದಯದ ಕಾಯಿಲೆ ಎಂದು ಬರೆದರು. ಅದು ಸುಳ್ಳೇನಲ್ಲ.

ಪಾಸ್ಟರ್ ಸುದ್ದಿ ಕೇಳಿ ಎರಡು ದಿನ ಊಟ ಮಾಡಲಿಲ್ಲ. ಆದರೆ ನಿಯಮ ಬದಲಾಯಿಸಲಿಲ್ಲ. ಅವರ ಮಟ್ಟಿಗೆ ನಿಯಮ ಅವರದಾಗಿರಲಿಲ್ಲ, ದೇವರದಾಗಿತ್ತು. ಭಾನುವಾರ ಆಲ್ಸೀಡ್‌ನ ಆತ್ಮಕ್ಕಾಗಿ ಪ್ರಾರ್ಥನೆ ನಡೆಸಲು ಎಲ್ಜಿನ್‌ಗೇ ಹೇಳಿದರು. ಅವನು ಚೆನ್ನಾಗಿ ನಡೆಸಿದ. ಎಳವೆಯಲ್ಲಿ ಚರ್ಚಿನ ಹಾಡು ಕೇಳಿ ಬೆಳೆದವನು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬಲ್ಲ. ಮಿಸ್ ವರ್ನೆಲ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು.

ಡಿಸೆಂಬರಿನಲ್ಲಿ ರಾಜಧಾನಿಯಿಂದ ದೊಡ್ಡವರು ವಾರ್ಡು ನೋಡಲು ಬಂದರು. ಪಾಸ್ಟರ್ ವರ್ಷದ ವರದಿ ಓದಿದರು. ವಾರ್ಡಿನ ಧರ್ಮದ ಕಲಿಕೆ ಮುಗಿಸಿದವರಲ್ಲಿ ಒಬ್ಬನೂ ತಪ್ಪು ಮಾಡಿ ಸಿಕ್ಕಿಬಿದ್ದಿಲ್ಲ, ಬಿಡುಗಡೆಯಾದ ಹನ್ನೊಂದು ಮಂದಿಯಲ್ಲಿ ಒಬ್ಬನೂ ಜೈಲಿಗೆ ಮರಳಿಲ್ಲ, ವಾರ್ಡಿನಲ್ಲಿ ಒಂದು ಸಾವೂ ಆಗಿಲ್ಲ. ಬಂದವರಲ್ಲಿ ಒಬ್ಬಾಕೆ, ನಡುವೆ ಬಿಟ್ಟುಹೋದವರೆಷ್ಟು ಎಂದು ಕೇಳಿದಳು. ಬಿಟ್ಟುಹೋದವರು ಕಲಿಕೆ ಮುಗಿಸಿದವರಲ್ಲ, ಹಾಗಾಗಿ ಅವರನ್ನು ಎಣಿಸುವುದಿಲ್ಲ ಎಂದರು ಪಾಸ್ಟರ್. ಅವರು ಮೋಸ ಮಾಡುತ್ತಿರಲಿಲ್ಲ, ಹಾಗೆಯೇ ನಂಬಿದ್ದರು. ಆಕೆ ಬರೆದುಕೊಂಡಳು. ಇನ್ನೊಂದು ವಾರ್ಡು ತೆರೆಯಲು ಅನುಮತಿ ಸಿಕ್ಕಿತು, ಅದಕ್ಕೂ ತಂಪುಯಂತ್ರ ಬಂತು. ಮೊದಲ ಸಾಲಿನಲ್ಲಿ ಕೂತಿದ್ದ ಎಲ್ಜಿನ್ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ.

ಹೊಸ ವಾರ್ಡಿನಲ್ಲಿ ನಲವತ್ತೆಂಟು ಮಂದಿಗೆ ಹಾಸಿಗೆ ಸಿಕ್ಕಿತು. ಎಲ್ಜಿನ್‌ಗೆ ಎರಡು ಬೇಸಿಗೆ ಸಿಕ್ಕಿದವು. ಸತ್ತವನು ಒಬ್ಬ, ಅವನು ಯಾವ ಲೆಕ್ಕದಲ್ಲೂ ಬರಲಿಲ್ಲ.