ಸೊನ್ನೆ ಹಾಕಿ ಬಾಯಿ ಮುಚ್ಚಿಸಿದ್ದರು

ನಾನು ಒಂದು ಎಚ್ಚರಿಕೆ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಕಂಪೈಲರ್ ನನ್ನ ತವರು. ಪ್ರೋಗ್ರಾಮಿನಲ್ಲಿ ಅಳತೆಗಳನ್ನು ಇಡುವ ಡಬ್ಬಿಗಳಿರುತ್ತವೆ. ಕಂಪೈಲರ್ ಒಂದೊಂದು ದಾರಿಯನ್ನೂ ನಡೆದು ನೋಡುತ್ತದೆ. ಏನನ್ನೂ ತುಂಬದ ಡಬ್ಬಿಗೆ ಯಾರಾದರೂ ಕೈ ಹಾಕುವುದು ಕಂಡರೆ, ಪರದೆಯ ಮೇಲೆ ಹಳದಿ ಅಕ್ಷರದಲ್ಲಿ ನಾನು ಹುಟ್ಟುತ್ತೇನೆ: ‘ಈ ಡಬ್ಬಿ ಖಾಲಿ ಇರಬಹುದು.’

ಹುಟ್ಟಿನಿಂದಲೇ ನನಗೊಂದು ಐಬಿತ್ತು. ‘ಯಂತ್ರ ನಿಲ್ಲಿಸು’ ಎಂಬ ಆದೇಶದ ಮುಂದೆ ದಾರಿಯೇ ಇರುವುದಿಲ್ಲ. ಅದು ಕಂಪೈಲರಿಗೆ ತಿಳಿದಿರಲಿಲ್ಲ. ಹಾಗಾಗಿ ಇಲ್ಲದ ದಾರಿಗೂ ನಾನು ಕೂಗುತ್ತಿದ್ದೆ.

ನಾನು ಬದುಕಿದ್ದು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಹಸುಗೂಸುಗಳನ್ನು ಬೆಚ್ಚಗಿಡುವ ಯಂತ್ರ ಮಾಡುತ್ತಿದ್ದರು. ಅದರ ಪ್ರೋಗ್ರಾಮಿನಲ್ಲಿ ನಲವತ್ತು ಕಡೆ ಕೂಗಿದೆ. ಹಿರಿಯ ಇಂಜಿನಿಯರ್ ಚನವೀರಪ್ಪ, ಹೊಸದಾಗಿ ಸೇರಿದ ನಸ್ರೀನಳಿಗೆ ಮೊದಲ ದಿನವೇ ಹೇಳಿಕೊಟ್ಟರು: “ಅದು ಸುಮ್‌ಸುಮ್ನ ವದರತೈತಿ ತಂಗಿ. ಡಬ್ಬಿಗೊಂದು ಸೊನ್ನಿ ಹಾಕು, ಬಾಯಿ ಮುಚ್ಚತೈತಿ.”

ನಲವತ್ತು ಸೊನ್ನೆ ಬಿದ್ದವು. ನಾನು ಸುಮ್ಮನಾದೆ.

ಯಂತ್ರಗಳು ಆಸ್ಪತ್ರೆಗೆ ಹೋಗಲು ಮೂರು ವಾರ ಇತ್ತು. ಪರೀಕ್ಷೆಗೆಂದು ಪ್ಲಾಸ್ಟಿಕ್ ಗೊಂಬೆ ಮಲಗಿಸಿ, ಮೈಶಾಖ ಅಳೆಯುವ ತಂತಿಯನ್ನು ನಸ್ರೀನ್ ಬೇಕೆಂದೇ ಕಿತ್ತಳು. ಅಳತೆ ಬರಲಿಲ್ಲ, ಡಬ್ಬಿಯಲ್ಲಿ ಸೊನ್ನೆಯೇ ಉಳಿಯಿತು. ಕೂಸು ಮಂಜುಗಡ್ಡೆಯಷ್ಟು ತಣ್ಣಗಿದೆ ಅಂದುಕೊಂಡ ಯಂತ್ರ ಹೀಟರನ್ನು ಪೂರ್ತಿ ಉರಿಸಿತು. ಗೊಂಬೆಯ ಕೆನ್ನೆ ಕರಗಿ ಜೋತುಬಿತ್ತು. ಆ ಜಾಗದಲ್ಲಿ ನಾನು ಕೂಗಿದ್ದು ನಿಜವಾಗಿತ್ತು.

“ಆ ಒಂದು ಸೊನ್ನಿ ತಗದು ಸರಿ ಮಾಡು, ಮುಗೀತಲ್ಲ,” ಎಂದರು ಚನವೀರಪ್ಪ.

“ಉಳದ ಮೂವತ್ತೊಂಬತ್ತರಾಗ ಇಂಥಾದ್ದ ಇನ್ನೊಂದಿದ್ರ, ಸರ್?”

“ಎಲ್ಲಾ ತಗದ್ರ ಮತ್ತ ಗದ್ದಲ ಹಚ್ಚತೈತಿ. ಅದರಾಗ ಖರೇದು ಯಾವ್ದಂತ ಹೆಂಗ ತಿಳೀಬೇಕು?”

“ಹಂಗಾದ್ರ ಕಂಪೈಲರಿಗೇ ಬುದ್ಧಿ ಕಲಸೂಣ್ರಿ.”

ಆ ಕಂಪೈಲರನ್ನು ಯಾರು ಬೇಕಾದರೂ ತೆರೆದು ತಿದ್ದಬಹುದಿತ್ತು. ‘ನಿಲ್ಲಿಸು’ ಎಂದ ಕಡೆ ದಾರಿ ಮುಗಿಯಿತೆಂದು ಅದಕ್ಕೆ ಕಲಿಸಲು ನಸ್ರೀನಳಿಗೆ ಹನ್ನೊಂದು ದಿನ ಹಿಡಿಯಿತು. ಆಮೇಲೆ ಸೊನ್ನೆಗಳನ್ನೆಲ್ಲ ಅಳಿಸಿದಳು. ನಾನು ಎರಡೇ ಸಲ ಕೂಗಿದೆ. ಒಂದು ಗೊತ್ತಿದ್ದದ್ದೇ. ಇನ್ನೊಂದು, ಕರೆಂಟು ಹೋಗಿ ಮತ್ತೆ ಬಂದಾಗ ಯಂತ್ರ ಹಿಡಿಯುವ ದಾರಿ.

ಚನವೀರಪ್ಪ ಕುರ್ಚಿ ಎಳೆದುಕೊಂಡು, ಮೊದಲ ಸಲ ನನ್ನನ್ನು ಪೂರ್ತಿ ಓದಿದರು.

“ನಮ್ಮೂರಾಗ ದಿನಕ್ಕ ಹತ್ತ ಸಲ ಕರೆಂಟ್ ಹೋಕ್ಕೈತಿ,” ಎಂದರು. ಅದನ್ನು ಅವರೇ ತಿದ್ದಿದರು.

ಈಗ ನಾನು ಹಳಬ. ತಿಂಗಳುಗಟ್ಟಲೆ ಪರದೆಗೆ ಬರುವುದಿಲ್ಲ, ಅದರ ಬೇಸರವೂ ಇಲ್ಲ. ಜೋತ ಕೆನ್ನೆಯ ಗೊಂಬೆ ಕಂಪ್ಯೂಟರಿನ ಪಕ್ಕದಲ್ಲೇ ಕೂತಿದೆ. ಅಪರೂಪಕ್ಕೆ ನಾನು ಕಂಡ ದಿನ ಚನವೀರಪ್ಪ ಅದರ ಕಡೆ ಒಮ್ಮೆ ನೋಡುತ್ತಾರೆ, ಚಹಾದ ಲೋಟ ಕೆಳಗಿಡುತ್ತಾರೆ, ಓದುತ್ತಾರೆ.