ಚೌಡಗುಂಟೆಯ ನೀಲಿ ಟ್ಯಾಂಕರ್

ನಾನು ಒಂದು ಟ್ಯಾಂಕರ್. ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ತಗಡು ಬಗ್ಗಿಸಿ, ವೆಲ್ಡಿಂಗ್ ಮಾಡಿ, ಸುತ್ತಿಗೆಯಲ್ಲಿ ಬಡಿದು ನನ್ನನ್ನು ಹುಟ್ಟಿಸಿದರು. ಮೈಗೆ ನೀಲಿ ಬಳಿದರು. ಮಾಡಿಸಿದವರು ನಗರದಾಚೆಯ ಚೌಡಗುಂಟೆಯ ಪಾಪಯ್ಯರೆಡ್ಡಿ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ದ್ರಾಕ್ಷಿ ತೋಟಕ್ಕೆ ನೀರು ಹೊರಿಸುತ್ತಿದ್ದರು. ಮರ್ಯಾದೆಯ ಕೆಲಸ. ಬಹಳ ದಿನ ಉಳಿಯಲಿಲ್ಲ.

ತೋಟದ ಕಂಬ ಕಿತ್ತು ಸೈಟಿನ ಕಲ್ಲು ನೆಟ್ಟರು. ಆಮೇಲೆ ನೋಡಬೇಕಿತ್ತು ನೀವು. ಚರಂಡಿ ಇಲ್ಲ, ನಲ್ಲಿ ಇಲ್ಲ, ರಸ್ತೆ ಇಲ್ಲ. ಮನೆ ಮಾತ್ರ ಮೂರಂತಸ್ತು. ಬಾಗಿಲು ತೇಗದ್ದು, ಬಾಗಿಲ ಮುಂದೆ ಕೊಚ್ಚೆ. ಬೆಳಗ್ಗೆ ಮಿಂದು ವಿಭೂತಿ ಇಟ್ಟು ಸ್ಕೂಟರ್ ಹತ್ತುವವರು ಕಸದ ಕವರನ್ನು ಕಾಲ ಬಳಿ ಇಟ್ಟುಕೊಂಡು ಬಂದು, ತಿರುವಿನಲ್ಲಿ ಗಾಡಿ ನಿಲ್ಲಿಸದೆಯೇ ಎಸೆಯುತ್ತಿದ್ದರು. ವರ್ಷಕ್ಕೊಮ್ಮೆ ಅದೇ ತಿರುವಿನಲ್ಲಿ ಗಣಪತಿ ಕೂರಿಸುತ್ತಿದ್ದರು. ಚೌಡಗುಂಟೆ ಎನ್ನಲು ಅವರಿಗೆ ನಾಚಿಕೆ. ರಾಯಲ್ ಗಾರ್ಡನ್ ಅಂತೆ. ಒಂದು ಗಿಡವಿಲ್ಲ.

ಅಂಥವರ ಸಂಪು ತುಂಬಿಸಿದ್ದು ನಾನೇ. ರೆಡ್ಡಿಯವರ ಬೋರು ಒಣಗಿದ ಮೇಲೆ ಅವರು ನನ್ನನ್ನು ತಮ್ಮನ ಮಗ ಲೋಕೇಶನಿಗೆ ಕೊಟ್ಟರು. ಆ ಬಡಾವಣೆಗೆ ಬರುವ ನೀರೂ ಗಾಡಿಯಲ್ಲೇ, ಹೋಗುವ ಹೇಲೂ ಗಾಡಿಯಲ್ಲೇ. ಲೋಕೇಶ ಎರಡನೆಯದನ್ನು ಹಿಡಿದ. ನನ್ನ ಮೈಗೆ ಕಪ್ಪು ಬಳಿದು, ಪಂಪು ಜೋಡಿಸಿ, ಕಕ್ಕಸು ಗುಂಡಿ ಎಳೆಯುವ ಗಾಡಿ ಮಾಡಿದ. ಎಳೆದದ್ದನ್ನೆಲ್ಲ ಕೆರೆಗೆ ಕಕ್ಕುತ್ತಿದ್ದೆ. ನಾನು ಬಂದರೆ ಎಲ್ಲರೂ ಮೂಗು ಮುಚ್ಚುತ್ತಿದ್ದರು. ಅವರದ್ದೇ ಸರಕು, ಸ್ವಾಮಿ.

ಒಂದು ಬೇಸಿಗೆ ಸುತ್ತಲಿನ ಬೋರೆಲ್ಲ ಬತ್ತಿ, ನೀರಿನ ಗಾಡಿಗೆ ಕಿತ್ತಾಟ ಶುರುವಾಯಿತು. ಲೋಕೇಶ ಪಂಪು ಬಿಚ್ಚಿದ. ನನ್ನ ಹೊಟ್ಟೆಗೆ ಬ್ಲೀಚಿಂಗ್ ಪುಡಿ ಸುರಿದು ಅರೆಬರೆ ತೊಳೆದ. ಮತ್ತೆ ನೀಲಿ ಬಳಿಸಿ ‘ಕುಡಿಯುವ ನೀರು’ ಎಂದು ಬರೆಸಿದ. ಬೆಸುಗೆಯ ಸಂದುಗಳಲ್ಲಿ ಏನು ಉಳಿದಿತ್ತೆಂದು ನನಗೆ ಗೊತ್ತು.

ದೂರದಿಂದ ನೀರು ತುಂಬಿಸಿ ತಂದು ರಾಯಲ್ ಗಾರ್ಡನ್ನಿನಲ್ಲಿ ನಿಲ್ಲಿಸಿದಾಗ ಉದ್ದ ಸಾಲು. ಮುಂದೆ ಹೊನ್ನಮ್ಮ, ಅಲ್ಲಿನ ಮನೆಗಳಲ್ಲಿ ನೆಲ ಒರೆಸುವವಳು. ಮರುದಿನ ಮೊಮ್ಮಗಳ ನಾಮಕರಣ. ಕೂಸಿಗೆ ಎರೆಯಲು, ಅಡುಗೆಗೆ ಅವಳಿಗೆ ನೀರು ಬೇಕಿತ್ತು. ಬಿಂದಿಗೆ ಇಟ್ಟವಳು ಮೂಗು ಸಿಂಡರಿಸಿದಳು.

“ಏನಪ್ಪಾ ಲೋಕೇಶ, ವಾಸ್ನೆ ಹೊಡೀತದೆ.”

“ಬ್ಲೀಚಿಂಗ್ ಕಣಕ್ಕ. ಆಸ್ಪತ್ರೆಲೂ ಇದೇ ವಾಸ್ನೆ.”

“ಬ್ಲೀಚಿಂಗು ನಂಗೊತ್ತಿಲ್ವಾ, ದಿನಾ ಅದ್ರಾಗೇ ಕೈ ಅದ್ದೋಳು. ಅದರ ಹಿಂದೆ ಇನ್ನೊಂದು ಐತೆ.”

“ಹಿಡಿದ್ರೆ ಹಿಡಿ, ಇಲ್ಲಾಂದ್ರೆ ಜರುಗು,” ಎಂದಳು ಹಿಂದಿನ ಹೆಂಗಸು. “ಏನು, ಗಂಡು ನೋಡಕ್ಕೆ ಬಂದಂಗೆ ನೋಡ್ತೀಯ.”

ಸಾಲಿನಲ್ಲಿ ಪಾಪಯ್ಯರೆಡ್ಡಿಯೂ ಬಕೆಟ್ ಹಿಡಿದು ನಿಂತಿದ್ದರು. ತೋಟ ಮಾರಿದ ಮೇಲೆ ಅವರೂ ಅಲ್ಲೇ ಒಂದು ಮನೆ ಕಟ್ಟಿಕೊಂಡಿದ್ದರು. ಹೊನ್ನಮ್ಮ ಅವರ ಕಡೆ ತಿರುಗಿದಳು.

“ರೆಡ್ಡಿಯೋರೇ, ನೀವೇ ಹೇಳಿ. ಎಳೆಕೂಸಿಗೆ ಎರೀಬೇಕು. ಯಾವ ಗಾಡಿ ಇದು?”

ಲೋಕೇಶ ದೊಡ್ಡಪ್ಪನ ಮುಖ ನೋಡಿದ.

“ನಮ್ದೇ ಗಾಡಿ ಕಣಮ್ಮ,” ಎಂದರು ರೆಡ್ಡಿ. “ನಾನೇ ಮಾಡ್ಸಿದ್ದು.”

ಸುಳ್ಳಲ್ಲ. ಅದಕ್ಕೇ ನನಗೆ ಇಂದಿಗೂ ವಾಕರಿಕೆ.

ಹೊನ್ನಮ್ಮ ಬಿಂದಿಗೆ ತುಂಬಿಸಿ ಸೊಂಟಕ್ಕೇರಿಸಿದಳು. ಅಷ್ಟರಲ್ಲಿ ರೆಡ್ಡಿ ತಮ್ಮ ಸರದಿ ಬಿಟ್ಟು, ಖಾಲಿ ಬಕೆಟ್ ಹಿಡಿದು ಮನೆಯತ್ತ ಹೊರಟರು. ಅವಳು ಆ ಬಕೆಟ್ಟನ್ನೇ ನೋಡುತ್ತ ನಿಂತಳು. ಆಮೇಲೆ ಬಿಂದಿಗೆಯನ್ನು ರಸ್ತೆಗೆ ಬೋರಲು ಹಾಕಿದಳು.

“ಹೆಸರು ಇನ್ನೊಂದಿನ ಇಟ್ರಾಯ್ತು,” ಎಂದು ನಡೆದಳು.

“ನೀರು ಚೆಲ್ತಾಳೆ ನೋಡು, ಮಹಾರಾಣಿ,” ಎಂದಳು ಹಿಂದಿನವಳು, ತನ್ನ ಕೊಡ ಇಡುತ್ತಾ.

ಈಗ ನಾನು ಗುಜರಿ ಅಂಗಡಿಯ ಹಿಂದೆ ಬಿದ್ದಿದ್ದೇನೆ. ತಳ ತೂತಾಗಿದೆ. ಕಕ್ಕಸು ಹೊತ್ತ ದಿನಗಳ ಬಗ್ಗೆ ನನಗೆ ಅಸಹ್ಯವಿಲ್ಲ. ಅದು ತಾನೇನೆಂದು ದೂರದಿಂದಲೇ ಹೇಳುತ್ತಿತ್ತು. ಅಸಹ್ಯ ಆ ಸಾಲಿನ ಬಗ್ಗೆ. ರೆಡ್ಡಿಯವರ ಖಾಲಿ ಬಕೆಟ್ಟನ್ನು ಅಲ್ಲಿದ್ದವರೆಲ್ಲ ನೋಡಿದರು. ನೋಡಿ, ಅವರು ಬಿಟ್ಟ ಜಾಗಕ್ಕೆ ಒಂದೊಂದು ಹೆಜ್ಜೆ ಮುಂದೆ ಬಂದರು.