ಕೂಡಿಸದೆ ಬಿಟ್ಟ ಐನೂರ ತೊಂಬತ್ತು

ಪರೀಕ್ಷೆ ಮುಗಿಸಿ ಊರಿಗೆ ಹೊರಟವರ ಮುಖ ನೋಡಬೇಕು. ಯುದ್ಧ ಗೆದ್ದು ಬಂದ ದಂಡಿನವರಿಗೂ ಅಷ್ಟು ಬಿಗುಮಾನ ಇರುವುದಿಲ್ಲ. ಚಿತ್ತಾಪುರದ ರತ್ನಾಬಾಯಿ ಹೈದರಾಬಾದಿನಿಂದ ವಾಡಿಯ ಮೇಲೆ ಬೊಂಬಾಯಿಗೆ ಹೋಗುವ ಗಾಡಿಯ ಹೆಂಗಸರ ಡಬ್ಬಿಯಲ್ಲಿ, ಕಿಟಕಿ ಪಕ್ಕ, ಅಂಥದೇ ಮುಖ ಮಾಡಿಕೊಂಡು ಕೂತಿದ್ದಳು. ೧೯೫೧ರ ಏಪ್ರಿಲ್ ತಿಂಗಳು. ಹೊರಗೆ ಬಿಸಿಲು ಧಗಧಗ ಎನ್ನುತ್ತಿದ್ದರೂ ಅವಳಿಗೆ ತಂಪಾಗಿಯೇ ಇತ್ತು. ಬಿ.ಎ. ಕಡೆಯ ವರ್ಷದ ಪರೀಕ್ಷೆ ಬರೆದಾಗಿತ್ತು. ವಿಷಯ ಇತಿಹಾಸ, ಅದೂ ತಾನೇ ಹಟ ಹಿಡಿದು ಆರಿಸಿಕೊಂಡದ್ದು.

ಸೇಡಂನಲ್ಲಿ ಜೈತುನ್ಬೀ ಎಂಬ ಮುದುಕಿ ಹತ್ತಿದಳು. ಗುಲ್ಬರ್ಗದ ದರ್ಗಾಕ್ಕೆ ಹೊರಟವಳು. ಎಲೆಯಡಿಕೆ ಚೀಲ ಬಿಚ್ಚಿದ್ದೇ ತಡ, ಪ್ರಶ್ನೆಗಳೂ ಒಂದರ ಹಿಂದೊಂದು ಹೊರಬಿದ್ದವು. ಯಾರ ಮಗಳು, ಏನು ಓದು, ಮದುವೆ ಯಾಕಾಗಿಲ್ಲ, ಹುಟ್ಟಿದ್ದು ಯಾವಾಗ.

"ತೇರಾಸೌ ಇಕ್ತಾಲೀಸ್ ಫಸಲಿರಿ" ಎಂದಳು ರತ್ನಾ. ಸಾವಿರದ ಮುನ್ನೂರ ನಲವತ್ತೊಂದು.

ಯಾರೂ ನಗಬೇಡಿ. ನಿಜಾಮರ ಸೀಮೆಯಲ್ಲಿ ವರ್ಷ ಎಂದರೆ ಫಸಲಿ ವರ್ಷ. ಹೊಲದ ಕಂದಾಯ, ಶಾಲೆಯ ದಾಖಲೆ, ಹುಟ್ಟು, ಸಾವು, ಎಲ್ಲ ಆ ಲೆಕ್ಕದಲ್ಲೇ. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷರ ಇಸ್ವಿ ಬರುತ್ತದೆ. ಇದು ಅಲ್ಲಿನ ದನ ಕಾಯುವವರಿಗೂ ಗೊತ್ತು.

"ಫಸಲಿ ಹೋತು ಬೇಟಿ. ಈಗ ಎಲ್ಲಾರೂ ಇಸ್ವಿ ಕೇಳ್ತಾರ. ಐನೂರ ತೊಂಬತ್ತು ಕೂಡಿಸಿ ಹೇಳಬೇಕು" ಎಂದು ಮುದುಕಿ ಸುಣ್ಣ ಹಚ್ಚುತ್ತ ಬುದ್ಧಿ ಹೇಳಿದಳು.

ರತ್ನಾ ನಕ್ಕಳು. ಬಿ.ಎ. ಇತಿಹಾಸದವಳಿಗೆ ಈ ಮುದುಕಿ ಇಸ್ವಿ ಕಲಿಸಲಿಕ್ಕೆ ಬಂದಳಲ್ಲ ಎಂದು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. ದಖನ್ ಇತಿಹಾಸದ ಪೇಪರಿನಲ್ಲಿ ತಾನು ಕೂಡಿಸಿದ್ದೆನೆ?

ಆದದ್ದು ಇಷ್ಟು. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಯುನಿವರ್ಸಿಟಿಯಲ್ಲಿ ಉರ್ದು ಹೋಗಿ ಇಂಗ್ಲಿಷ್ ಬಂತು. ಇಂಗ್ಲಿಷ್ ಬಂತು, ಪುಸ್ತಕ ಬರಲಿಲ್ಲ. ದಖನ್ ಇತಿಹಾಸವನ್ನು ಹುಡುಗಿಯರು ಹಳೆಯ ಉರ್ದು ಪುಸ್ತಕದಲ್ಲೇ ಓದಬೇಕು, ಫಸಲಿಗೆ ಐನೂರ ತೊಂಬತ್ತು ಕೂಡಿಸಬೇಕು, ಇಂಗ್ಲಿಷಿನಲ್ಲಿ ಬರೆಯಬೇಕು. ರತ್ನಾ ವರ್ಷವಿಡೀ ತಪ್ಪದೆ ಕೂಡಿಸಿದ್ದಳು. ಆದರೆ ಪರೀಕ್ಷೆಯ ದಿನ ನಿಜಾಮರ ದಿವಾನ ಸಾಲಾರ್ ಜಂಗನ ಸುಧಾರಣೆಗಳ ಮೇಲಿನ ಪ್ರಶ್ನೆ ಕಂಡದ್ದೇ ಖುಷಿಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಬಾಯಿಪಾಠವಿದ್ದ ಪ್ರಶ್ನೆ. ಬರೆದೇ ಬರೆದಳು. ದಿವಾನನಾದದ್ದು ೧೨೬೩, ಜಿಲ್ಲೆ ಕಟ್ಟಿದ್ದು ೧೨೭೫, ವಾಡಿಯಿಂದ ಹೈದರಾಬಾದಿಗೆ ರೈಲು ಓಡಿದ್ದು ೧೨೮೪. ಪ್ರತಿಯೊಂದರ ಮುಂದೆ ಮುತ್ತಿನಂಥ ಅಕ್ಷರದಲ್ಲಿ ಎ.ಡಿ. ಎಂದು ಬೇರೆ ಬರೆದಿದ್ದಳು, ಪುಣ್ಯಾತ್ಗಿತ್ತಿ.

ಅಂದರೆ ಗುಲ್ಬರ್ಗದಲ್ಲಿ ಬಹಮನಿ ಸುಲ್ತಾನರು ಗಾದಿಗೆ ಬರುವ ಮೊದಲೇ ವಾಡಿ ಜಂಕ್ಷನ್ನಿನಲ್ಲಿ ಇಂಜಿನ್ನು ಸೀಟಿ ಹೊಡೆದಿತ್ತು. ಇಂಥದನ್ನು ಬರೆದವಳನ್ನು ಯಾವ ದೇವರು ತಾನೆ ಪಾಸು ಮಾಡಿಸಿಯಾನು?

ಮಳಖೇಡ ಹೋಯಿತು, ಕಾಗಿಣಾ ಹೊಳೆ ಹೋಯಿತು, ರತ್ನಾಳಿಗೆ ಒಂದೂ ಕಾಣಲಿಲ್ಲ. ಚಿತ್ತಾಪುರವೂ ಬಂತು. ಪ್ಲಾಟ್‌ಫಾರ್ಮಿನ ಮೇಲೆ ಅಪ್ಪ ಗುರುಲಿಂಗಯ್ಯ ಕೊಡೆ ಹಿಡಿದು ನಿಂತಿದ್ದ. ಮಗಳು ಕಿಟಕಿಯಲ್ಲಿ ಕಂಬದ ಗೊಂಬೆಯ ಹಾಗೆ ಕೂತಿದ್ದನ್ನು ನೋಡಿದ, ಕೂಗಿದ, ಗಾಡಿ ಹೊರಟಿತು, ಅದರ ಜೊತೆ ಮಗಳೂ ಹೊರಟುಹೋದಳು. ವಾಡಿಯಲ್ಲಿ ಜೈತುನ್ಬೀ ಕೈಹಿಡಿದು ಇಳಿಸಿ, ನೀರು ಕುಡಿಸಿ, ಹಿಂದಕ್ಕೆ ಹೋಗುವ ಪ್ಯಾಸೆಂಜರಿಗೆ ಹತ್ತಿಸದೇ ಇದ್ದಿದ್ದರೆ ಅವಳು ಬೊಂಬಾಯಿ ತಲುಪುತ್ತಿದ್ದಳೋ ಏನೋ. ಮನೆಯಲ್ಲಿ ಕೇಳಿದವರಿಗೆಲ್ಲ ನಿದ್ದೆ ಹತ್ತಿತ್ತು ಎಂದು ಹೇಳಿ ಬಾಯಿಗೆ ಬೀಗ ಹಾಕಿಕೊಂಡಳು.

ಯಾಕೆ ಹೇಳಲಿಲ್ಲ ಎಂದರೆ, ಹೇಳುವ ಹಾಗಿರಲಿಲ್ಲ. ಗುರುಲಿಂಗಯ್ಯ ತಹಸೀಲ ಕಚೇರಿಯ ಗುಮಾಸ್ತ, ತಾಯಿಯಿಲ್ಲದ ಮಗಳನ್ನು ಕಾಲೇಜಿಗೆ ಕಳಿಸಿದ್ದು ತನ್ನ ಅಕ್ಕ ಮಹಾದೇವಮ್ಮನ ಕೂಡ ಜಗಳಾಡಿ. ಆ ಮನೆಯಲ್ಲಿ ಮಹಾದೇವಮ್ಮನ ಮಾತೇ ಕಡೆಯ ಮಾತು. ಜಂಗಮರ ಹುಡುಗಿ ಹೈದರಾಬಾದಿನಲ್ಲಿ ಒಬ್ಬಳೇ ಇರುವುದೇ ಆಕೆಗೆ ಸೇರದು. ಕಡೆಗೆ ಒಪ್ಪಂದವಾಗಿತ್ತು. ಒಂದೇ ಸಲಕ್ಕೆ ಪಾಸಾದರೆ ಶಹಾಬಾದಿನಲ್ಲಿ ಹೊಸದಾಗಿ ತೆರೆಯುವ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಣಿಯಾಗಬಹುದು, ಶಾಲೆಯವರು ಬಿ.ಎ. ಆದವಳೇ ಬೇಕೆಂದು ಜಾಗ ಇಟ್ಟುಕೊಂಡೇ ಕಾಯುತ್ತಿದ್ದರು. ನಪಾಸಾದರೆ ಎರಡನೇ ಸಲದ ಮಾತಿಲ್ಲ. ತೆಂಗಳಿಯ ಮಠದ ಮನೆಯವರು ಸಂಬಂಧ ಕೇಳಿದ್ದಾರೆ, ತಲೆ ಬಗ್ಗಿಸಿ ಹೋಗಬೇಕು. ತೆಂಗಳಿಯ ವರ ಕೆಟ್ಟವನೇನಲ್ಲ. ಆದರೆ ರತ್ನಾಳಿಗೆ ಬೇಕಾದದ್ದು ಶಹಾಬಾದಿನ ಆ ಕರಿ ಹಲಗೆ. ಅದರ ಮೇಲೆ ಅಶೋಕ, ಪುಲಕೇಶಿ ಎಂದು ಬರೆದು ಹುಡುಗಿಯರಿಗೆ ಕಥೆ ಹೇಳುವುದನ್ನು ಅವಳು ಅದೆಷ್ಟು ಸಲ ಮನಸ್ಸಿನಲ್ಲೇ ಮಾಡಿ ಮುಗಿಸಿದ್ದಳೋ.

ಮೇ ತಿಂಗಳೆಲ್ಲ ಅವಳು ಉಂಡದ್ದು ಮೈಗೆ ಹತ್ತಲಿಲ್ಲ. ರೊಟ್ಟಿ ಬಡಿಯುತ್ತ ಕೂಡಿಸುವುದು, ನೀರು ಸೇದುತ್ತ ಕೂಡಿಸುವುದು. ಈಗ ಕೂಡಿಸಿ ಏನು ಬಂತು! ಮಹಾದೇವಮ್ಮ ಹುಡುಗಿಗೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆ ತುಂಬ ಘಾಟು ಎದ್ದು ಎಲ್ಲರೂ ಕೆಮ್ಮಿದ್ದಾಯಿತು, ಅಷ್ಟೇ.

ಜೂನಿನಲ್ಲಿ ಒಂದು ಮಧ್ಯಾಹ್ನ ಹೈದರಾಬಾದಿನ ಪತ್ರಿಕೆಯಲ್ಲಿ ನಂಬರುಗಳು ಬಂದವು. ಸ್ಟೇಷನ್ನಿಗೆ ಓಡಿಹೋಗಿ ನೋಡಿಬಂದ ಗುರುಲಿಂಗಯ್ಯ ಹೊಸಿಲಲ್ಲಿ ನಿಂತ. ಏದುಸಿರಿಗೆ ಮಾತು ಹೊರಡಲಿಲ್ಲ. ರತ್ನಾ ಗೋಡೆಗೆ ಆನಿಕೊಂಡಳು. ಮುಗಿಯಿತು ಎಂದುಕೊಂಡಳು.

"ಸೆಕೆಂಡ್ ಕ್ಲಾಸಿನಾಗ ಪಾಸಾಗ್ಯಾಳ" ಎಂದ ಗುರುಲಿಂಗಯ್ಯ, ಉಸಿರು ಬಂದ ಮೇಲೆ.

ಮಹಾದೇವಮ್ಮ ಸಕ್ಕರೆ ಡಬ್ಬಿ ಹಿಡಿದು ಓಣಿಗೇ ಹೊರಟಳು. ಮನೆಮನೆಗೂ ನಿಂತು, ನಮ್ಮ ಹುಡುಗಿ ಪಾಸಾಗುತ್ತಾಳೆಂದು ನಾನು ಮೊದಲೇ ಹೇಳಿದ್ದೆ ಎಂದಳು. ಎಲ್ಲಿ ಹೇಳಿದ್ದಳೋ, ಯಾರಿಗೆ ಹೇಳಿದ್ದಳೋ, ಆ ಬಸವಣ್ಣನೇ ಬಲ್ಲ. ಯಾರೂ ಎದುರಾಡಲಿಲ್ಲ. ಸಕ್ಕರೆ ಸಿಹಿಯಾಗಿತ್ತು.

ಪಾಸಾದವಳ ಮುಖ ಮಾತ್ರ ಅರಳಲಿಲ್ಲ. ಸಂಜೆ ಗುರುಲಿಂಗಯ್ಯ ಮಗಳನ್ನು ಹಿತ್ತಲಿಗೆ ಕರೆದು ಕೇಳಿದ. ಆಗ ಎಲ್ಲ ಹೊರಬಂತು. ಪತ್ರಿಕೆಯವರು ತಪ್ಪು ನಂಬರು ಹಾಕಿರಬೇಕು, ಇಲ್ಲವೆ ಪೇಪರು ನೋಡಿದವರು ಕಣ್ಣು ಮುಚ್ಚಿ ನೋಡಿರಬೇಕು, ಇವತ್ತಲ್ಲ ನಾಳೆ ಹೊರಬಿದ್ದೇ ಬೀಳುತ್ತದೆ ಎಂದು ಅತ್ತಳು. ಗುರುಲಿಂಗಯ್ಯ ಕಚೇರಿಯಲ್ಲಿ ತಲೆ ಹಣ್ಣಾದ ಮನುಷ್ಯ.

"ಸುಮ್ಮ ಇದ್ದುಬಿಡವ್ವಾ. ಅವರಾಗೇ ಕೇಳೂತನಕ ಬಾಯಿ ಬಿಡಬ್ಯಾಡ" ಎಂದ.

ಅವಳು ಹೂಂ ಎಂದಳು. ಮರುವಾರ ಸರ್ಟಿಫಿಕೇಟು ತರಲಿಕ್ಕೆ ಅಪ್ಪ ಮಗಳಿಬ್ಬರೂ ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿಗೆ ಹೋದರು. ಸರ್ಟಿಫಿಕೇಟು ಕೈಗೆ ಬಂತು, ಹೆಸರು ಸರಿಯಿತ್ತು, ಮೊಹರು ಸರಿಯಿತ್ತು. ಪತ್ರಿಕೆಯವರ ತಪ್ಪಲ್ಲ ಎಂದಾಯಿತು. ಗುರುಲಿಂಗಯ್ಯ ಅದನ್ನು ಕೋಟಿನ ಒಳಕಿಸೆಗೆ ಇಟ್ಟು, ನಡಿ ನಡಿ ಎಂದು ಮಗಳನ್ನು ಗೇಟಿನ ಕಡೆ ದೂಡಿಕೊಂಡೇ ಹೊರಟ. ಅಷ್ಟರಲ್ಲಿ ವರಾಂಡದಿಂದ ಯಾರೋ ಕರೆದರು. ನೋಡಿದರೆ ಪ್ರೊಫೆಸರ್ ಸಿರಾಜುದ್ದೀನ ಸಾಹೇಬರು. ದಖನ್ ಇತಿಹಾಸ ಕಲಿಸಿದವರು ಅವರೇ, ಪೇಪರು ನೋಡಿದವರೂ ಅವರೇ. ಚಿಂಚೋಳಿಯವರಾದ್ದರಿಂದ ನಮ್ಮ ಕಡೆಯ ಹುಡುಗಿಯರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಇನ್ನು ಸ್ವಲ್ಪ ದಿನಕ್ಕೆ ನಿವೃತ್ತರಾಗುವವರು.

"ನಿನ್ನ ಅಕ್ಷರ ನನಗ ಗುರ್ತದ ಬೇಟಾ" ಎಂದರು. "ಸಾಲಾರ್ ಜಂಗನ ಮ್ಯಾಲ ಭಾಳ ಛಲೋ ಬರದಿ. ತಾರೀಖು ಅಂದ್ರ ಹಂಗ ಇರಬೇಕು, ಒಂದೂ ತಪ್ಪಿಲ್ಲ."

ಗುರುಲಿಂಗಯ್ಯ ಮಗಳ ಮೊಣಕೈ ಒತ್ತಿದ. ನಮಸ್ಕಾರ ಮಾಡಿ ಹೊರಟುಬಿಟ್ಟರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ರತ್ನಾಳಿಗೆ ಆ ಹೊಗಳಿಕೆಯನ್ನು ನುಂಗಲಾಗಲಿಲ್ಲ. ನಾಳೆ ಹಲಗೆಯ ಮುಂದೆ ನಿಂತು ಹುಡುಗಿಯರಿಗೆ ಇಸ್ವಿ ಹೇಳಿಕೊಡುವಾಗೆಲ್ಲ ಇದು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

"ಸಾಹೇಬ್ರ, ಅವು ತಪ್ಪು ಅವರಿ" ಎಂದಳು. "ಅವೆಲ್ಲಾ ಫಸಲಿ. ನಾ ಎ.ಡಿ. ಅಂತ ಬರದೀನಿ. ಐನೂರ ತೊಂಬತ್ತು ಕೂಡಸೂದು ಮರ್ತೀನ್ರಿ."

ಗುರುಲಿಂಗಯ್ಯ ಕಣ್ಣು ಮುಚ್ಚಿಕೊಂಡ.

ಸಾಹೇಬರು ಅವಳನ್ನೇ ನೋಡಿದರು. ಬೆರಳು ಮಡಚಿ ಏನೋ ಎಣಿಸಿದರು. ಕನ್ನಡಕ ತೆಗೆದರು, ಹಾಕಿಕೊಂಡರು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ನಗಲಿಕ್ಕೆ ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹೋಗಿಬರುವ ಹುಡುಗಿಯರೆಲ್ಲ ನಿಂತು ನೋಡಿದರು.

ನಗು ನಿಂತ ಮೇಲೆ ಅವರು ಪೇಪರನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದರು ಎಂದು ಕಾಣುತ್ತದೆ. ಆ ಪ್ರಶ್ನೆಯಲ್ಲಿ ತಾರೀಖುಗಳಿಗೆ ಇಟ್ಟದ್ದು ಎರಡೇ ಎರಡು ಅಂಕ, ಅವನ್ನು ಕಿತ್ತುಕೊಂಡರೂ ನೀನು ಸೆಕೆಂಡ್ ಕ್ಲಾಸಿನಿಂದ ಇಳಿಯುವುದಿಲ್ಲ, ಬೇಕಾದರೆ ಕಿತ್ತುಕೊಳ್ಳುತ್ತೇನೆ ಎಂದರು. ರತ್ನಾಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗುರುಲಿಂಗಯ್ಯ ಕೋಟಿನ ಕಿಸೆಯ ಮೇಲಿಂದ ಕೈ ತೆಗೆದ.

ಆದರೂ ಅವಳಿಗೆ ಒಂದು ತಿಳಿಯಲಿಲ್ಲ. ಅಷ್ಟು ದೊಡ್ಡದಾಗಿ ಎ.ಡಿ. ಎಂದು ಬರೆದದ್ದು ನಿಮಗೆ ಕಾಣಲೇ ಇಲ್ಲವೇ ಎಂದು ಕೇಳಿಯೇಬಿಟ್ಟಳು.

ಸಾಹೇಬರು ಸಾವಕಾಶ ಎದ್ದರು, ಶೇರ್ವಾನಿಯ ಧೂಳು ಝಾಡಿಸಿಕೊಂಡರು.

"ಹುಟ್ಟಿದಾಗಿಂದ ಫಸಲಿನಾಗ ಬಾಳ್ವಿ ಮಾಡೀನಿ ಬೇಟಾ. ಎ.ಡಿ. ಎಲ್ಲಿ ಕಾಣಬೇಕು?" ಎಂದರು. "ಉಳದ ಹುಡುಗ್ಯಾರೆಲ್ಲಾ ಇಸ್ವಿ ಬರದಿದ್ರು. ಒಂದೊಂದಕ್ಕೂ ಐನೂರ ತೊಂಬತ್ತು ಕಳದು ಕಳದು, ಸರಿ ಅದನೋ ಇಲ್ಲೋ ನೋಡೂದ್ರಾಗ ನನ್ನ ತಲಿ ಒಡದುಹೋಗಿತ್ತು. ನಿಂದ್ ಒಂದೇ ಪೇಪರ್ ನಾ ಆರಾಮ್ ಓದೀನಿ."